ನುಗ್ಗೆಮರದ ಗಿಡುಗ

೧೮ ಏಪ್ರಿಲ್ ೧೯೭೪, ಗುರುವಾರ

ಇವತ್ತೂ ಬಂದಿತ್ತು. ಬಟ್ಟೆ ಒಣಗಿಸುವ ತಂತಿಯ ಕಬ್ಬಿಣದ ಕಂಬದ ಮೇಲೆ ಕೂತಿತ್ತು. ಬೂದು ಬೆನ್ನು, ಎದೆಯ ಮೇಲೆ ಇಟ್ಟಿಗೆ ಬಣ್ಣ, ಹಳದಿ ಕಣ್ಣು. ನಾನು ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡುತ್ತಿದ್ದೆ, ಅದು ನನ್ನನ್ನು ನೋಡುತ್ತಿತ್ತು. ತೊಳೆಯುತ್ತಿದ್ದ ಹಾಲಿನ ಬಾಟಲಿ ಕೈಜಾರಿ ತೊಟ್ಟಿಗೆ ಬಿತ್ತು. ಪುಣ್ಯಕ್ಕೆ ಒಡೆಯಲಿಲ್ಲ.

ಹೋದ ವಾರ ನಾನು ಕಿರುಚದೆ ಇದ್ದಿದ್ದರೆ ವಿಷಯ ಇಷ್ಟು ಬೆಳೆಯುತ್ತಿರಲಿಲ್ಲ. ಮಗುವಿಗೆ ಎಳೆಬಿಸಿಲು ಬೀಳಬೇಕು ಎಂದು ಡಾಕ್ಟರು ಹೇಳಿದ್ದರಿಂದ ಚಂಪಾಳನ್ನು ಹಿತ್ತಲಲ್ಲಿ ಚಾರ್‌ಪಾಯಿಯ ಮೇಲೆ ಮಲಗಿಸಿದ್ದೆ. ನುಗ್ಗೆಮರದಿಂದ ಅದು ಸರ‍್ರನೆ ಇಳಿದು ಮಗುವಿನ ಮೇಲೇ ಹಾದು ಕಂಬಕ್ಕೆ ಹೋಯಿತು. ನೆರಳು ಅವಳ ಹೊಟ್ಟೆಯ ಮೇಲೆ ಹರಿದುಹೋದದ್ದನ್ನು ಕಂಡೆ. "ಗಿಡುಗ! ಗಿಡುಗ!" ಎಂದು ಕೂಗಿದ ಕೂಗಿಗೆ ಅತ್ತೆ ಪೂಜೆ ಬಿಟ್ಟು ಓಡಿ ಬಂದರು.

ಗಿಡುಗ ಮಗುವನ್ನು ಎತ್ತಿಕೊಂಡು ಹೋಗುತ್ತದೆ ಎಂಬುದು ನನ್ನ ಭಯ. ಅತ್ತೆಯ ಭಯ ಬೇರೆ.

"ನೆರಳು ಬಿತ್ತೇನೇ? ಮಗು ಮೇಲೆ ಬಿತ್ತಾ, ಬಟ್ಟೆ ಮೇಲೆ ಬಿತ್ತಾ?"

"ಎರಡರ ಮೇಲೂ" ಎಂದುಬಿಟ್ಟೆ.

ಅಷ್ಟು ಸಾಕಾಯಿತು. ಪಕ್ಷಿದೋಷ. ಹಾಳು ಹಕ್ಕಿಯ ನೆರಳು ಬಿದ್ದ ಮಗು ಸೊರಗುತ್ತದಂತೆ, ಕತ್ತು ನಿಲ್ಲುವುದಿಲ್ಲವಂತೆ. ಅಂದಿನಿಂದ ಚಂಪಾ ಹೊರಗಿಲ್ಲ. ಅವಳ ಬಟ್ಟೆಗಳು ನಡುಮನೆಯಲ್ಲಿ ಹಗ್ಗದ ಮೇಲೆ ತೂಗುತ್ತಿವೆ, ಮನೆಯೆಲ್ಲ ಹಸಿಬಟ್ಟೆಯ ನಾತ. ಕಿಟಕಿಗೆ ಹಳೆಯ ಬೆಡ್‌ಶೀಟು ಕಟ್ಟಿದ್ದೇವೆ. ಕಟ್ಟಿದವಳು ನಾನೇ.

ನನಗೆ ನಿದ್ದೆ ಇಲ್ಲ. ಮಗು ಎದ್ದಿದ್ದರೆ ಮಗುವಿಗಾಗಿ, ಮಲಗಿದ್ದರೆ ಅದರ ಉಸಿರಿಗಾಗಿ. ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ಉಸಿರಿದೆ ಎಂದು ತಿಳಿದ ಮೇಲೆ, ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಮತ್ತೆ ಹಿಡಿಯುತ್ತೇನೆ. ಇದರ ಜೊತೆಗೆ ಹೊರಗೆ ಕಣ್ಣಿಗೆ ಕಾಣದ ಯಾವುದೋ ಹಕ್ಕಿಯ ಕೂಗು. ಯಾರೋ ಮೆಟ್ಟಿಲು ಹತ್ತುತ್ತಿರುವ ಹಾಗೆ ಏರುತ್ತಾ ಏರುತ್ತಾ ಹೋಗಿ, ತುದಿಯಲ್ಲಿ ಥಟ್ಟನೆ ನಿಂತು, ಮತ್ತೆ ಕೆಳಗಿನಿಂದ ಶುರು. ದೆಹಲಿಯ ಈ ಲೋಧಿ ಕಾಲೋನಿಯಲ್ಲಿ ಅದನ್ನು ಕೇಳದವರಿಲ್ಲ, ಕಂಡವರೂ ಇಲ್ಲ.

೨೧ ಏಪ್ರಿಲ್, ಭಾನುವಾರ

ಚಂಪಾಳನ್ನು ಅತ್ತೆ ಕರೆದುಕೊಂಡು ಹೋಗುತ್ತಾರಂತೆ.

ನನಗೆ ಯಾರೂ ಹೇಳಲಿಲ್ಲ, ಸ್ನಾನದ ಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಇವರು ಅಮ್ಮನ ಹತ್ತಿರ ಮಾತಾಡುತ್ತಿದ್ದರು.

"ನೋಡು ದತ್ತೂ, ದೋಷ ಇಳಿಸೋರು ಊರಲ್ಲಿದ್ದಾರೆ, ಇಲ್ಲಿ ಯಾರಿದ್ದಾರೆ? ಹೇಗೂ ಬಾಟಲಿ ಹಾಲು ಕುಡಿಯೋ ಮಗು. ದಸರಾ ಹೊತ್ತಿಗೆ ಬಂದು ಕರ‍್ಕೊಂಡು ಹೋಗಿ. ಅಲ್ಲೀವರೆಗೆ ಇವಳೂ ಒಂದಿಷ್ಟು ಮಲಗಲಿ."

"ಅವಳದ್ದೇ ನನಗೂ ಯೋಚನೆ ಅಮ್ಮ. ಮೊನ್ನೆ ಗಿಡುಗಕ್ಕೆ ಹಳದಿ ಕಣ್ಣು ಅಂದ್ಲು. ನಿನ್ನೆ ಕೆಂಪು ಕಣ್ಣು ಅಂದ್ಲು. ಒಂದು ದಿನ ಬೂದು, ಒಂದು ದಿನ ಕಂದು. ಏನೇನೋ ಕಾಣಿಸ್ತಾ ಇದೆ ಅವಳಿಗೆ, ಪಾಪ."

ಕೋಪದಲ್ಲಿ ಹೇಳಿದ್ದರೆ ಎದುರು ಮಾತಾಡಬಹುದಿತ್ತು. ಮರುಕದಿಂದ ಹೇಳಿದರು.

ಮೇ ಹನ್ನೊಂದಕ್ಕೆ ಜಿ.ಟಿ. ಎಕ್ಸ್‌ಪ್ರೆಸ್ಸಿಗೆ ಅತ್ತೆಯ ಟಿಕೆಟ್ಟಾಗಿದೆ. ಮದ್ರಾಸಿನಿಂದ ಮುಂದೆ ಬೆಂಗಳೂರು, ತುಮಕೂರು. ಅಷ್ಟು ದೂರ.

ನಿನ್ನೆ ಹಿಂದಿನ ಬೇವಿನಮರದಲ್ಲಿ ಕೂತಿದ್ದಾಗ ಕಣ್ಣು ಕೆಂಪಾಗಿಯೇ ಇತ್ತು. ನಾನು ಕಂಡಿದ್ದೇನೆ. ಮೊನ್ನೆ ಹಳದಿಯಾಗಿತ್ತು, ಅದನ್ನೂ ಕಂಡಿದ್ದೇನೆ. ಹಾಗಾದರೆ ಇವರು ಹೇಳುವುದೇ ನಿಜವೋ?

೨೫ ಏಪ್ರಿಲ್

ಬಾಟಲಿ, ಬಟ್ಟೆ, ಉಸಿರು. ಕಣ್ಣು ಇವತ್ತು ಹಳದಿ.

೨ ಮೇ, ಗುರುವಾರ

ಬೆಡ್‌ಶೀಟಿನ ಒಂದು ಮೂಲೆ ಬಿಚ್ಚಿದೆ. ಅಡಗಿ ನೋಡುವುದಕ್ಕೆ ಅನುಕೂಲ.

ಕಂಬದ ಮೇಲೆ ಕೂರುವಾಗ ಅದು ನುಗ್ಗೆಮರವನ್ನೇ ನೋಡುತ್ತದೆ, ಮಗುವಿನ ಕಡೆಗಲ್ಲ. ನಮಗಿಂತ ಮುಂಚೆ ಈ ಕ್ವಾರ್ಟರ್ಸಿನಲ್ಲಿದ್ದ ತಮಿಳರು ನೆಟ್ಟ ಮರ. ಕಾಂಡದ ತುಂಬ ಕಂಬಳಿಹುಳ, ಒಂದರ ಮೇಲೊಂದು. ಹಕ್ಕಿ ಹಾರಿ ಕಾಂಡಕ್ಕೆ ಹೋಯಿತು, ತಿರುಗಿ ಬಂದಾಗ ಬಾಯಲ್ಲಿ ರೋಮದ ಉಂಡೆಯಂಥದ್ದೇನೋ ಇತ್ತು. ಕಂಬಕ್ಕೆ ಎರಡು ಸಲ ಬಡಿದು ನುಂಗಿತು.

ಗಿಡುಗ ಕಂಬಳಿಹುಳ ತಿನ್ನುತ್ತದೆಯೆ?

ಮಹಾರಾಣಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ ಫಸ್ಟ್ ಕ್ಲಾಸ್ ತೆಗೆದವಳು ನಾನು. ಕಪ್ಪೆಯನ್ನು ಕೊಯ್ದಿದ್ದೇನೆ, ಜಿರಲೆಯ ನರಗಳನ್ನು ಬಿಡಿಸಿದ್ದೇನೆ, ಪಾರಿವಾಳದ ಮೂಳೆಗಳ ಚಿತ್ರ ಬರೆದಿದ್ದೇನೆ. ಬದುಕಿರುವ ಒಂದು ಹಕ್ಕಿಯನ್ನು ಇಷ್ಟು ಹೊತ್ತು ನಿಂತು ನೋಡಿದ್ದು ಇದೇ ಮೊದಲು.

ಅತ್ತೆಯದು ಇನ್ನೊಂದು ತಮಾಷೆ. ದೆಹಲಿಯ ಆಕಾಶದಲ್ಲಿ ಸುತ್ತುವ ಹದ್ದುಗಳೆಲ್ಲ ಅವರಿಗೆ ಗರುಡ. ಕಸದ ತೊಟ್ಟಿಯ ಮೇಲೆ ಹಾರುತ್ತಿದ್ದರೂ ಕೈಮುಗಿದು ಕೆನ್ನೆ ತಟ್ಟಿಕೊಳ್ಳುತ್ತಾರೆ. ಗರುಡನಿಗೆ ಎದೆ ಬೆಳ್ಳಗಿರಬೇಕಲ್ಲವೆ ಅತ್ತೆ ಎಂದು ಕೇಳಿದೆ. "ದೆಲ್ಲಿ ಧೂಳಿಗೆ ಯಾವುದು ಬೆಳ್ಳಗಿರುತ್ತೆ ಹೇಳು!" ಎಂದರು.

೮ ಮೇ, ಬುಧವಾರ

ರೈಲು ಮುಷ್ಕರ ಶುರುವಾಯಿತು. ದೇಶದ ತುಂಬ ರೈಲುಗಳು ನಿಂತಿವೆಯಂತೆ. ಇವರು ಸ್ಟೇಷನ್ನಿಗೆ ಹೋಗಿ ಬಂದು, "ಹನ್ನೊಂದರ ಗಾಡಿ ಹೊರಡೋದು ಅನುಮಾನ" ಎಂದರು. ಅತ್ತೆ ಸರ್ಕಾರಕ್ಕೂ ಮುಷ್ಕರದವರಿಗೂ ಸಮನಾಗಿ ಬೈದರು.

ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆಮೇಲೆ ಹೆದರಿಕೆಯಾಯಿತು. ಇವತ್ತಲ್ಲ ನಾಳೆ ರೈಲು ಹೊರಡಲೇಬೇಕಲ್ಲ. ಅಷ್ಟರೊಳಗೆ ಈ ಹಕ್ಕಿ ಯಾವುದೆಂದು ತೋರಿಸಿಕೊಡಬೇಕು. ನನ್ನ ಕಣ್ಣು ಸರಿಯಿದೆ ಎಂದು ಇವರಿಗೆ ತಿಳಿದರೆ ಮಗುವನ್ನು ನನ್ನ ಹತ್ತಿರ ಬಿಡಲು ಹೆದರುವುದಿಲ್ಲ.

೧೨ ಮೇ, ಭಾನುವಾರ

ಮಾನ ಹೋಯಿತು.

ಬೆಳಿಗ್ಗೆ ಹಿಂದಿನ ಬೇವಿನಮರದ ಕೊಂಬೆಯ ಮೇಲೆ ಕಾಣಿಸಿತು. ಬೂದು ಬೆನ್ನು, ಇಟ್ಟಿಗೆ ಎದೆ. ಇದೇ ಸಮಯ ಎಂದುಕೊಂಡು ಇಬ್ಬರನ್ನೂ ಕರೆದೆ. ಇವರು ಮುಖದ ಸೋಪು ಒರೆಸಿಕೊಳ್ಳದೆ ಬಂದರು. "ನೋಡಿ, ಇದು ಗಿಡುಗ ಅಲ್ವೇ ಅಲ್ಲ. ಪಾಪದ ಹಕ್ಕಿ. ಬರೀ ಹುಳ ತಿನ್ನುತ್ತೆ" ಎಂದೆ.

ಹಕ್ಕಿ ಸ್ವಲ್ಪ ಪಕ್ಕಕ್ಕೆ ಸರಿಯಿತು. ಕಾಲ ಕೆಳಗೆ ಅಳಿಲು ಮರಿ. ಕೊಕ್ಕು ಇಳಿಸಿ ಹರಿದು ತಿನ್ನತೊಡಗಿತು.

"ಇದೇ ಏನೇ ನಿನ್ನ ಹುಳ? ಬಾಲ ಇದೆಯಲ್ಲೇ ಹುಳಕ್ಕೆ!" ಎಂದರು ಅತ್ತೆ.

ಇವರು ನನ್ನ ಭುಜದ ಮೇಲೆ ಕೈಯಿಟ್ಟು, "ಹೋಗು, ಸ್ವಲ್ಪ ಮಲಗು ಶೈಲಾ" ಎಂದರು. ಸೋಪಿನ ಕೈ. ರವಿಕೆಯ ಮೇಲೆ ಐದು ಬೆರಳೂ ಬಿಳಿಯಾಗಿ ಮೂಡಿದವು.

ಮಲಗಲಿಲ್ಲ. ಬೇವಿನಮರದ ಹಕ್ಕಿಯ ಕಣ್ಣು ಕೆಂಪಗಿತ್ತು, ಕೆಂಡದ ಹಾಗೆ. ಕಂಬದ ಹಕ್ಕಿಯ ಕಣ್ಣು ಯಾವತ್ತೂ ಕೆಂಪಗಿದ್ದದ್ದಿಲ್ಲ. ಯೋಚಿಸಬೇಕು.

೧೫ ಮೇ, ಬುಧವಾರ

ಗೆದ್ದೆ!

ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಅದು ಬಂದು ತಂತಿಯ ಮೇಲೇ ಕೂತಿತು, ನನಗೆ ನಾಲ್ಕು ಮಾರು ದೂರ. ನಾನು ಬೂದಿ ಹಿಡಿದ ಕೈ ಹಾಗೇ ಇಟ್ಟುಕೊಂಡು ಉಸಿರು ಬಿಗಿಹಿಡಿದೆ. ಕಣ್ಣು ಹಳದಿ, ಸುತ್ತಲೂ ಹಳದಿ ಉಂಗುರ. ಕೊಕ್ಕು ನೀಳ, ಕುಡುಗೋಲಿನಂಥ ಬಾಗು ಇಲ್ಲ. ರೆಕ್ಕೆ ಜೋತುಬಿದ್ದಿದೆ. ಕೂತ ತಕ್ಷಣ ಬಾಲವನ್ನು ಎಡಕ್ಕೊಂದು ಸಲ ಬಲಕ್ಕೊಂದು ಸಲ ಆಡಿಸಿತು. ಆಮೇಲೆ ಕಾಲು ನೋಡಿದೆ. ಎರಡು ಬೆರಳು ಮುಂದೆ, ಎರಡು ಬೆರಳು ಹಿಂದೆ.

ಎರಡು ಮುಂದೆ, ಎರಡು ಹಿಂದೆ! ಪರೀಕ್ಷೆಯಲ್ಲಿ ಇದನ್ನು ಬರೆದು ಪೂರ್ತಿ ಅಂಕ ತೆಗೆದಿದ್ದೆನಲ್ಲ. ಗಿಡುಗ, ಹದ್ದು, ಗರುಡ ಎಲ್ಲದಕ್ಕೂ ಮೂರು ಮುಂದೆ, ಒಂದು ಹಿಂದೆ. ಎರಡು-ಎರಡು ಇರುವುದು ಗಿಳಿಗೆ, ಮರಕುಟಿಗಕ್ಕೆ, ಕೋಗಿಲೆಗೆ. ಇದು ಗಿಳಿಯಲ್ಲ, ಮರಕುಟಿಗವಲ್ಲ. ಗಿಡುಗದ ವೇಷ ಹಾಕಿರುವ ಕೋಗಿಲೆ!

ನಾನು ಹಾಗೆಂದುಕೊಳ್ಳುವಷ್ಟರಲ್ಲಿ ಅದು ಗಂಟಲುಬ್ಬಿಸಿ ಬಾಯಿ ತೆರೆಯಿತು. ಅದೇ ಕೂಗು. ಮೆಟ್ಟಿಲು ಮೆಟ್ಟಿಲು ಹತ್ತಿ, ತುದಿಗೆ ಹೋಗಿ ಥಟ್ಟನೆ ನಿಂತದ್ದು. ಇಷ್ಟು ದಿನ ನನ್ನ ತಲೆ ತಿಂದದ್ದು ಇದೇ.

ಮಗುವನ್ನು ಅತ್ತೆಯ ತೊಡೆಗೆ ಹಾಕಿ ಮಹಡಿ ಮೇಲಿನ ಭಾಟಿಯಾ ಬೆಹೆನ್‌ಜಿಯ ಹತ್ತಿರ ಓಡಿದೆ. ಅವರು ತಾರಸಿಯ ಮೇಲೆ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಗಳನ್ನು ಬಿಸಿಲಿಗೆ ತಿರುಗಿಸಿಡುತ್ತಿದ್ದರು. ಆ ಕೂಗು ಯಾವುದು ಎಂದು ಕೇಳಿದೆ.

"ಅರೇ, ವೋ ತೋ ಪಪೀಹಾ ಹೈ. ಹಾಡುಗಳಲ್ಲೆಲ್ಲ ಬರುತ್ತಲ್ಲ, ವಿರಹದ ಹಕ್ಕಿ."

ಅವರನ್ನು ತಾರಸಿಯ ಗೋಡೆಯಿಂದ ಬಗ್ಗಿಸಿ ತಂತಿಯ ಕಡೆ ತೋರಿಸಿದೆ. ಅವರ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಯೇ? ಇದಾ ಪಪೀಹಾ? ನಾನು ಇಷ್ಟೇ ಇಷ್ಟು, ಗುಲಾಬಿ ಗುಲಾಬಿ ಇರುತ್ತೆ ಅಂತಿದ್ದೆ. ಶಕಲ್ ಡಾಕೂ ಕೀ, ಗಲಾ ಆಶಿಕ್ ಕಾ!" ಮುಖ ದರೋಡೆಕೋರನದು, ಗಂಟಲು ಪ್ರೇಮಿಯದು ಅಂತೆ. ಇಬ್ಬರೂ ಜಾಡಿಗಳ ಮಧ್ಯೆ ಕೂತು ನಕ್ಕೆವು.

ಬೇವಿನಮರದ್ದರ ಬಗ್ಗೆಯೂ ಕೇಳಿದೆ. ಅದು ಶಿಕ್ರಾ ಅಂತೆ, ನಿಜವಾದ ಗಿಡುಗ. ದೇಶ ಒಡೆಯುವ ಮುಂಚೆ ಅವರ ಚಿಕ್ಕಪ್ಪ ಅಂಥದ್ದೊಂದನ್ನು ಸಾಕಿ ಬೇಟೆಗೆ ಬಿಡುತ್ತಿದ್ದರಂತೆ. "ಹುಳ ಗಿಳ ಮುಟ್ಟೋಲ್ಲ ಅದು, ನವಾಬ!"

೧೬ ಮೇ, ಗುರುವಾರ

ಬೇವಿನಮರದಲ್ಲಿ ಇರುವುದು ಜೋಡಿ! ಗೂಡಿದೆ, ಕಡ್ಡಿಗಳ ರಾಶಿಯಂಥದ್ದು. ಗಂಡು ಚಿಕ್ಕದು, ಬೂದು, ಕೆಂಪು ಕಣ್ಣು. ಹೆಣ್ಣು ದೊಡ್ಡದು, ಕಂದು, ಹಳದಿ ಕಣ್ಣು. ಎರಡಕ್ಕೂ ಮೂರು ಬೆರಳು ಮುಂದೆ, ಗಂಟಲಿನ ನಡುವೆ ತೆಳುವಾದ ಒಂದು ಕಪ್ಪು ಗೆರೆ. ಕಡ್ಡಿಯ ಹಾಗೆ ನೆಟ್ಟಗೆ ಕೂರುತ್ತವೆ.

ಕೆಂಪು ಕಣ್ಣೂ ನಿಜ, ಹಳದಿ ಕಣ್ಣೂ ನಿಜ. ಬೂದು ನಿಜ, ಕಂದೂ ನಿಜ. ನನಗೆ ಏನೇನೋ ಕಾಣಿಸುತ್ತಿರಲಿಲ್ಲ. ಹಕ್ಕಿಗಳೇ ಮೂರಿದ್ದವು.

ಈಗಲೇ ಹೇಳುವುದಿಲ್ಲ. ಅಳಿಲು ಮರಿಯಿಂದ ಕಲಿತ ಪಾಠ. ಕಣ್ಣುಮುಚ್ಚಿಕೊಂಡು ಹೇಳುವಷ್ಟು ಗಟ್ಟಿಯಾಗಬೇಕು.

೨೨ ಮೇ, ಬುಧವಾರ

ಹಾರುವಾಗ ಬೇರೆ ಮಾಡುವುದು ಕಷ್ಟ. ನಾಲ್ಕು ಸಲ ರೆಕ್ಕೆ ಬಡಿದು ತೇಲುವ ಚಾಳಿಯನ್ನೂ ಪಪೀಹಾ ಕದ್ದಿದೆ. ಅದು ಬಂದರೆ ಗುಬ್ಬಚ್ಚಿಗಳೂ ಹೆದರಿ ಚೆದರುತ್ತವೆ. ಆದರೆ ಕೂತ ಮೇಲೆ ಬಣ್ಣ ಬಯಲು. ಬಾಲ ಸುಮ್ಮನಿರುವುದಿಲ್ಲ.

ಬೆಡ್‌ಶೀಟು ತೆಗೆದೆ. ಧೂಳು ಹಿಡಿದಿತ್ತು, ಒಗೆಯಬೇಕಿತ್ತು.

೨೮ ಮೇ, ಮಂಗಳವಾರ

ಮುಷ್ಕರ ಮುಗಿಯಿತು. ಜೂನ್ ಏಳಕ್ಕೆ ಟಿಕೆಟ್ಟು ಸಿಕ್ಕಿದೆ. ಅತ್ತೆ ಚಂಪಾಳ ಕುಲಾವಿ, ಬಾಟಲಿ, ಗ್ರೈಪ್ ವಾಟರ್ ಎಲ್ಲ ಒಂದು ಬುಟ್ಟಿಗೆ ತುಂಬಿದ್ದಾರೆ. ನಾನು ಒಂದೊಂದಾಗಿ ಹೊರಗೆ ತೆಗೆದಿಟ್ಟೆ. ಅವರು ಮತ್ತೆ ತುಂಬಿದರು.

ಭಾನುವಾರ ಇವರು ಮನೆಯಲ್ಲಿರುತ್ತಾರೆ.

೨ ಜೂನ್, ಭಾನುವಾರ

ಎಲ್ಲವನ್ನೂ ಬರೆಯಬೇಕು, ಒಂದು ಮಾತೂ ಬಿಡದೆ.

ಕಾಫಿ ಆದ ಮೇಲೆ ಇಬ್ಬರನ್ನೂ ಅಡುಗೆಮನೆಯ ಕಿಟಕಿಯ ಮುಂದೆ ಮಣೆ ಹಾಕಿ ಕೂರಿಸಿದೆ. ನಾನು ಕಿಟಕಿಗೆ ಬೆನ್ನು ಮಾಡಿ ಕೂತೆ, ತೊಡೆಯ ಮೇಲೆ ಚಂಪಾ, ಅವಳ ಬಾಯಲ್ಲಿ ಬಾಟಲಿ.

"ಇದೇನು ಆಟ?" ಎಂದರು ಇವರು.

"ನನಗೆ ಏನೇನೋ ಕಾಣಿಸುತ್ತೆ ಅಂದಿರಲ್ಲ, ಅದಕ್ಕೇ ನಾನು ನೋಡೋದೇ ಇಲ್ಲ. ನೀವು ನೋಡಿ. ಕಂಡದ್ದನ್ನ ಹೇಳಿ. ಯಾವ ಹಕ್ಕಿ ಅಂತ ನಾನು ಹೇಳ್ತೀನಿ."

ಅವರ ಮುಖ ಸಣ್ಣಗಾಯಿತು. ಸ್ನಾನದ ಮನೆಯ ಗೋಡೆಗೆ ಕಿವಿಯಿದೆ ಎಂದು ಗೊತ್ತಿರಲಿಲ್ಲ ಪಾಪ.

ತುಂಬ ಹೊತ್ತು ಏನೂ ಬರಲಿಲ್ಲ. ಬಾಟಲಿ ಅರ್ಧವಾಯಿತು. ಅತ್ತೆ ಆಕಳಿಸಿದರು. ಆಮೇಲೆ, "ಬಂತು, ಬಂತು! ಕಂಬದ ಮೇಲೆ" ಎಂದರು.

"ಹೇಗೆ ಕೂತಿದೆ ಅತ್ತೆ?"

"ಹೇಗೆ ಅಂದ್ರೆ? ಹಕ್ಕಿ ಹೇಗೆ ಕೂರುತ್ತೋ ಹಾಗೆ."

"ರೆಕ್ಕೆ?"

"ಜೋತುಬಿದ್ದಿದೆ. ಒದ್ದೆ ಸೆರಗಿನ ಥರ."

"ಈಗ ಬಾಲ ಆಡಿಸುತ್ತೆ ನೋಡಿ. ಆ ಕಡೆ ಒಂದು ಸಲ, ಈ ಕಡೆ ಒಂದು ಸಲ."

"ಅಯ್ಯೋ, ಆಡಿಸ್ತು ಕಣೋ ದತ್ತೂ!"

"ಈಗ ನುಗ್ಗೆಮರಕ್ಕೆ ಹೋಗುತ್ತೆ. ಕಂಬಳಿಹುಳ ತಂದು ಕಂಬಕ್ಕೆ ಬಡಿಯುತ್ತೆ."

"ಹೋಯ್ತು... ತಂತು... ಬಡೀತು. ಥೂ, ನುಂಗೇ ಬಿಡ್ತು!"

"ಗಿಡುಗ ಎಲ್ಲಾದ್ರೂ ಕಂಬಳಿಹುಳ ತಿನ್ನುತ್ತಾ ಅತ್ತೆ? ಅದು ಕೋಗಿಲೆ ಜಾತಿ. ಇಡೀ ಕಾಲೋನಿಯ ನಿದ್ದೆ ಕೆಡಿಸೋ ಕೂಗು ಅದರದ್ದೇ."

ಇವರು ಅಷ್ಟಕ್ಕೆ ಬಿಡುವವರಲ್ಲ, ಸರ್ಕಾರಿ ಆಫೀಸಿನಲ್ಲಿ ಫೈಲು ನೋಡುವವರು. ಸ್ವಲ್ಪ ಹೊತ್ತಿಗೆ, "ಬೇವಿನಮರದ ಮೇಲೆ ಇನ್ನೊಂದು ಕೂತಿದೆ" ಎಂದರು. "ಬೂದು ಬಣ್ಣ. ಕೆಂಪು ಕಣ್ಣು. ಅದೂ ಬಾಲ ಆಡಿಸ್ತಾ ಇದೆ. ಈಗ ಹೇಳು, ಯಾವುದು?"

ತಿರುಗಿ ನೋಡಿಬಿಡೋಣ ಅನ್ನಿಸಿತು. ನೋಡಲಿಲ್ಲ. ಇಷ್ಟು ದಿನ ನಿಂತು ನೋಡಿದ್ದು ನನ್ನ ಕಣ್ಣು, ಅದು ಹೇಳಿದ್ದೇ ನಿಜ.

"ಸುಳ್ಳು" ಎಂದೆ. "ಕಣ್ಣು ಕೆಂಪಾಗಿದ್ರೆ ಗಂಡು ಗಿಡುಗ. ಅದು ಬಾಲ ಆಡಿಸೋದಿಲ್ಲ. ಎರಡೂ ಒಟ್ಟಿಗೆ ಇರೋದಕ್ಕೆ ಸಾಧ್ಯವೇ ಇಲ್ಲ. ನೀವು ಸುಳ್ಳು ಹೇಳ್ತಿದ್ದೀರಿ."

ಅತ್ತೆ ತೊಡೆ ತಟ್ಟಿ ನಕ್ಕರು. "ಹೌದು ಕಣೇ, ಸುಳ್ಳೇ ಹೇಳಿದ! ಗೂಟ ನೆಟ್ಟ ಹಾಗೆ ಕೂತಿದೆ ಅದು. ಬೆನ್ನಲ್ಲೂ ಕಣ್ಣಿದೆಯೇನೇ ನಿನಗೆ?"

ಇವರು ಎದ್ದು ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಕಿವಿಯೆಲ್ಲ ಕೆಂಪು. "ಪರೀಕ್ಷೆ ಮಾಡೋಣ ಅಂತ..." ಎಂದರು.

"ಪಾಸಾ?"

"ಫಸ್ಟ್ ಕ್ಲಾಸ್."

ಅಷ್ಟಾದ ಮೇಲೂ ಅತ್ತೆ ಲೆಕ್ಕಾಚಾರ ಬಿಡಲಿಲ್ಲ. "ಕೋಗಿಲೆ ನೆರಳಿಗೆ ದೋಷ ಇಲ್ಲ, ಒಪ್ಪಿದೆ. ಆದ್ರೆ ಬೇವಿನಮರದಲ್ಲಿ ಇರೋದು ನಿಜವಾದ ಗಿಡುಗ ತಾನೆ? ನಾಳೆ ಅದೇ ಈ ಕಡೆ ಹಾರಿದ್ರೆ?"

"ಹಾರಲಿ ಅತ್ತೆ. ಗಿಡುಗ ಬರಲಿ, ಹದ್ದು ಬರಲಿ, ಆಕಾಶದಲ್ಲಿರೋ ಹಕ್ಕಿಗಳೆಲ್ಲ ಬರಲಿ. ಮಗು ಇಲ್ಲೇ ಇರುತ್ತೆ."

ಇಷ್ಟು ಜೋರಾಗಿ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಚಂಪಾ ಬಾಟಲಿ ಬಿಟ್ಟು ನನ್ನ ಮುಖ ನೋಡಿದಳು. ಅತ್ತೆ ಇವರ ಮುಖ ನೋಡಿದರು.

"ಇಲ್ಲೇ ಇರಲಿ ಅಮ್ಮ" ಎಂದರು ಇವರು.

ಅತ್ತೆ ಎದ್ದರು. ಬುಟ್ಟಿಯಿಂದ ಕುಲಾವಿಯನ್ನೂ ಗ್ರೈಪ್ ವಾಟರನ್ನೂ ತಾವೇ ತೆಗೆದು ಕಪಾಟಿನಲ್ಲಿಟ್ಟು, ಮತ್ತೆ ಬಂದು ಕಿಟಕಿಯ ಮುಂದೆ ಕೂತರು. "ಏ ದತ್ತೂ, ಬಾ ಇಲ್ಲಿ, ಕಂದು ಬಣ್ಣದ್ದು ಬಂತು. ಇದು ಹೆಂಡತಿ ಇರಬೇಕು. ಗಂಡನಿಗಿಂತ ದಪ್ಪ ಇದ್ದಾಳೆ ನೋಡು!" ಅಮ್ಮ ಮಗ ಇಬ್ಬರೂ ಕೊಕ್ಕು ಹೇಗಿದೆ, ಗೆರೆ ಎಲ್ಲಿದೆ ಎಂದು ಜಗಳವಾಡುತ್ತಿದ್ದರು.

ಆಮೇಲೆ ಏನಾಯಿತೋ ತಿಳಿಯದು. ಎದ್ದಾಗ ದೀಪ ಹಚ್ಚಿದ್ದರು, ನನ್ನ ತಲೆಯ ಕೆಳಗೆ ದಿಂಬಿತ್ತು, ಚಂಪಾ ಅತ್ತೆಯ ತೊಡೆಯ ಮೇಲಿದ್ದಳು. ಯಾಕೆ ಎಬ್ಬಿಸಲಿಲ್ಲ ಎಂದು ರೇಗಿದೆ. ಸಂಜೆ ಗಂಡು ಗಿಡುಗ ಗೂಡಿಗೆ ಆಹಾರ ತರುವುದನ್ನು ನೋಡುವುದು ತಪ್ಪಿಹೋಯಿತು.

೩ ಜೂನ್

ಅತ್ತೆ ಚಂಪಾಳ ಬಟ್ಟೆಗಳನ್ನು ತಾವೇ ಹೊರಗಿನ ತಂತಿಗೆ ಹಾಕಿದರು. ಒಂದು ಗಂಟೆಯಲ್ಲಿ ಒಣಗಿ ಹಪ್ಪಳವಾದವು.

೭ ಜೂನ್, ಶುಕ್ರವಾರ

ರೈಲು ಹೊರಟಿತು. ಕಿಟಕಿಯಿಂದ ಕೈ ಹೊರಹಾಕಿ ಚಂಪಾಳ ಗಲ್ಲ ಹಿಡಿದು, "ಬಟ್ಟೆ ಹೊತ್ತು ಮುಳುಗೋ ಮುಂಚೆ ಒಳಗೆ ತಗೋ. ಅದೊಂದು ಮಾತಾದ್ರೂ ಕೇಳು ನನ್ನದು" ಎಂದರು ಅತ್ತೆ. ಕೇಳುತ್ತೇನೆ ಎಂದೆ, ಮನಸ್ಸಿನಿಂದಲೇ. ಆಮೇಲೆ ಮಗನಿಗೆ: "ಇನ್ನೊಂದು ಸಲ ಅವಳಿಗೆ ಏನೋ ಕಾಣಿಸಿದ್ರೆ, ಮೊದಲು ನೀನು ಹೋಗಿ ನೋಡು. ಗೊತ್ತಾಯ್ತಾ?"

ನನಗೆ ಅಳು ಬಂತು, ಯಾಕೋ.

೧೬ ಜೂನ್, ಭಾನುವಾರ

ಬೆಳಿಗ್ಗೆ ಹಿತ್ತಲಲ್ಲಿ ಚಂಪಾಳನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ ಪಕ್ಕದಲ್ಲಿ ಅವರೆಕಾಯಿಯಂಥದ್ದೇನೋ ಇಲ್ಲಿಯ ಕಾಯಿ ಬಿಡಿಸುತ್ತಿದ್ದೆ. ಬೇಲಿಯ ಮೇಲೆ ಒಂದು ಹೊಸ ಹಕ್ಕಿ ದಬಕ್ಕನೆ ಬಂದು ಕೂತಿತು, ಕೂರಲು ಬರದವರ ಹಾಗೆ ಮುಗ್ಗರಿಸಿ. ಕಂದು ಬಣ್ಣ. ಎದೆಯ ಗೆರೆಗಳು ಅಡ್ಡಡ್ಡ ಅಲ್ಲ, ಉದ್ದುದ್ದ, ಹನಿ ಸುರಿದ ಹಾಗೆ.

ಎದ್ದು ನಿಂತೆ. ಇದು ಮೂರರಲ್ಲಿ ಯಾವುದೂ ಅಲ್ಲ. ಬೆರಳು ಮೂರು ಮುಂದೆ. ಬಾಲ ಅಲುಗಲಿಲ್ಲ. ಗಂಟಲಲ್ಲಿ ನಡುಗೆರೆ ಇದೆ. ಗೂಡಿನ ಮರಿ! ಅಪ್ಪ ಅಮ್ಮನ ಅಂಗಿ ಇನ್ನೂ ಬಂದಿಲ್ಲ. ಕಣ್ಣಿನ ಬಣ್ಣ ಒಂದು ಕಾಣಿಸಲಿಲ್ಲ, ಬಿಸಿಲಿಗೆ ಬೆನ್ನು ಮಾಡಿತ್ತು. ಒಂದೊಂದೇ ಹೆಜ್ಜೆ ಮುಂದಿಟ್ಟೆ.

"ಶೈಲಜಾ! ಓ ಶೈಲಜಾ!" ಮಹಡಿಯಿಂದ ಭಾಟಿಯಾ ಬೆಹೆನ್‌ಜಿ ಕೂಗಿದರು. "ಅರೇ, ಊಪರ್ ಕ್ಯಾ ದೇಖ್ ರಹೀ ಹೋ? ಬೇಟೀ ಕೋ ದೇಖೋ!"

ಮೇಲೇನು ನೋಡುತ್ತೀಯ, ಮಗಳನ್ನು ನೋಡು ಅಂತೆ. ತಿರುಗಿದೆ. ಚಂಪಾ ಬೋರಲು ಬಿದ್ದಿದ್ದಳು. ತಾನೇ ಹೊರಳಿಕೊಂಡು, ಒಂದು ಕೈ ಹೊಟ್ಟೆಯ ಕೆಳಗೆ ಸಿಕ್ಕಿಸಿಕೊಂಡು! ಮೊದಲನೆಯ ಸಲ. ಹೆತ್ತವಳು ಎರಡು ಮಾರು ದೂರದಲ್ಲಿ ನಿಂತು ನೋಡಲಿಲ್ಲ, ಮಹಡಿ ಮೇಲಿನ ಪಂಜಾಬಿ ನೋಡಿದರು. ಇವರು ಪೇಪರು ಬಿಸಾಕಿ ಓಡಿ ಬಂದರು. ನಾನು ನಗುತ್ತಲೇ ಇದ್ದೆ. ಅವಳು ತುಮಕೂರಿನಲ್ಲಿದ್ದಿದ್ದರೆ ಈ ಸುದ್ದಿ ನನಗೆ ಇನ್‌ಲ್ಯಾಂಡ್ ಲೆಟರಿನಲ್ಲಿ ಬರುತ್ತಿತ್ತು.

ಎತ್ತಿಕೊಳ್ಳಲು ಇವರು ಬಗ್ಗಿದರು. ಬೇಡಿ, ಇರಲಿ ಎಂದೆ. ಸಿಕ್ಕಿಕೊಂಡಿದ್ದ ಕೈಯನ್ನು ಅವಳೇ ಎಳೆದುಕೊಂಡಳು. ಇನ್ನೂ ಗಟ್ಟಿಯಿಲ್ಲದ ಕತ್ತನ್ನು ನಡುಗುತ್ತಾ ನಡುಗುತ್ತಾ ಮೇಲೆತ್ತಿ, ಜೊಲ್ಲು ಸುರಿಸುತ್ತಾ, ನಮ್ಮಿಬ್ಬರನ್ನೂ ಬಿಟ್ಟು ಬೇಲಿಯ ಮೇಲಿನ ಮರಿಯನ್ನು ನೋಡಿದಳು.

ಅದೂ ಇತ್ತ ತಿರುಗಿ ಅವಳನ್ನು ನೋಡಿತು. ಆಗ ಕಂಡಿತು, ಕಣ್ಣು ಹಳದಿ.